ಹದಿಹರೆಯದ ಮಿಶ್ರ ತರಗತಿ: ಬೋಧನಾ ಕ್ರಮ ಮತ್ತು ತರಗತಿಯ ವಾತಾವರಣ

ಕಲಿಕೆಯ ಮಟ್ಟ, ಮನೆಮಾತು, ಮನೆಯ ಆದಾಯ, ದೇಹ ಮತ್ತು ಮನಸ್ಸಿನ ಸಾಮರ್ಥ್ಯ, ಬೆಳವಣಿಗೆಯ ವೇಗ ಇವುಗಳಲ್ಲಿ ಒಬ್ಬರಂತೆ ಒಬ್ಬರಿಲ್ಲದ, ಆದರೆ ವಯಸ್ಸಿನಲ್ಲಿ ಹೆಚ್ಚುಕಡಿಮೆ ಸಮಾನರಾದ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುವ ಏರ್ಪಾಟನ್ನು ಮಿಶ್ರ ತರಗತಿ ಎನ್ನಬಹುದು. ಆರನೆಯ ತರಗತಿಯಿಂದ ಹನ್ನೆರಡನೆಯವರೆಗೆ ಭಾರತದ ಬಹುತೇಕ ತರಗತಿಗಳು ಹೀಗೆಯೇ ಇವೆ. ಪಠ್ಯಪುಸ್ತಕ, ವೇಳಾಪಟ್ಟಿ, ಪರೀಕ್ಷೆ ಈ ಮೂರು ಮಾತ್ರ ಎಲ್ಲರೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತಾರೆಂದು ನಂಬಿಕೊಂಡು ರೂಪುಗೊಂಡಿವೆ. ಉತ್ತರ ಪ್ರದೇಶದ ಗಾಜಿಯಾಬಾದ್ ಜಿಲ್ಲೆಯ ಇಂದಿರಾಪುರಂ ಮತ್ತು ಅದರ ಸುತ್ತಣ ರಾಜಧಾನಿ ವಲಯವನ್ನು ಮುಖ್ಯವಾಗಿ ಇಟ್ಟುಕೊಂಡು, ಕರ್ನಾಟಕದ ಅನುಭವವನ್ನೂ ಜೊತೆಗಿಟ್ಟು, ಈ ವಿಷಯದಲ್ಲಿ ನಡೆದಿರುವ ಪ್ರಯತ್ನಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಈ ಪ್ರಯತ್ನಗಳನ್ನು ಒಟ್ಟಾಗಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಮಕ್ಕಳನ್ನು ಮಟ್ಟಕ್ಕೆ ತಕ್ಕಂತೆ ಒಂದು ತಾಸು ಬೇರೆ ಕೂರಿಸಿ ಕಲಿಸಿದರೆ ಫಲ ಸಿಗುತ್ತದೆ. ವರ್ಷವಿಡೀ ಬೇರೆ ಸೆಕ್ಷನ್ನಿಗೆ ಹಾಕಿದರೆ ಹಾನಿಯೇ ಹೆಚ್ಚು.

ಊರು ಮತ್ತು ಮಕ್ಕಳು

ಇಂದಿರಾಪುರಂ ಗಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರ ಬೆಳೆಸಿದ ಬಡಾವಣೆ. ಹಿಂದೆ 24 ಎಂಬ ಸಂಖ್ಯೆ ಹೊತ್ತಿದ್ದ, ಈಗ 9 ಆಗಿರುವ ರಾಷ್ಟ್ರೀಯ ಹೆದ್ದಾರಿ ಅದರ ಒಂದು ಅಂಚು. ಹೆದ್ದಾರಿಯ ಆಚೆ ನೊಯಿಡಾದ 62ನೆಯ ಸೆಕ್ಟರ್. ಮತ್ತೊಂದು ದಿಕ್ಕಿಗೆ ಹಿಂಡನ್ ನದಿ. ಮಗ್ಗುಲಲ್ಲಿ ವೈಶಾಲಿ ಮತ್ತು ವಸುಂಧರಾ. ಜ್ಞಾನ ಖಂಡ, ನ್ಯಾಯ ಖಂಡ, ನೀತಿ ಖಂಡ, ಶಕ್ತಿ ಖಂಡ, ಅಹಿಂಸಾ ಖಂಡ ಎಂದು ಹಂಚಿಹೋಗಿರುವ ಈ ಊರಿನ ಬಹುಪಾಲು ಬಹುಮಹಡಿ ಅಪಾರ್ಟ್‌ಮೆಂಟುಗಳು. ಅವುಗಳ ನಡುವೆಯೇ ಮಕನ್‌ಪುರದಂಥ ಹಳೆಯ ಹಳ್ಳಿಗಳು ಇಕ್ಕಟ್ಟಿನ ಗಲ್ಲಿಗಳಾಗಿ ಉಳಿದುಕೊಂಡಿವೆ. 2011ರಲ್ಲಿ ದೆಹಲಿ ಮೆಟ್ರೊ ವೈಶಾಲಿಯವರೆಗೆ ಬಂದ ಮೇಲೆ ರಾಜಧಾನಿಗೆ ದುಡಿಯಲು ಹೋಗುವವರಿಗೆ ಈ ಭಾಗ ಇನ್ನಷ್ಟು ಹತ್ತಿರವಾಯಿತು.

ಅಪಾರ್ಟ್‌ಮೆಂಟುಗಳ ಮಕ್ಕಳಲ್ಲಿ ಹೆಚ್ಚಿನವರು ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯ, ಅಂದರೆ ಸಿಬಿಎಸ್‌ಇ ಪಠ್ಯಕ್ರಮದ ಖಾಸಗಿ ಇಂಗ್ಲಿಷ್ ಶಾಲೆಗಳಿಗೆ ಹೋಗುತ್ತಾರೆ. ಅದೇ ಫ್ಲ್ಯಾಟುಗಳಲ್ಲಿ ಅಡುಗೆ, ಕಸಮುಸುರೆ ಮಾಡುವ ಹೆಂಗಸರ ಮಕ್ಕಳು, ಗೇಟಿನ ಕಾವಲುಗಾರನ ಮಕ್ಕಳು ಹಿಂದಿ ಮಾಧ್ಯಮದ ಸರ್ಕಾರಿ ಶಾಲೆಗೋ ಗಲ್ಲಿಯ ಕಡಿಮೆ ಫೀಸಿನ ಖಾಸಗಿ ಶಾಲೆಗೋ ಹೋಗುತ್ತಾರೆ. ಒಂದೇ ವಯಸ್ಸಿನ ಈ ಎರಡು ಬಗೆಯ ಮಕ್ಕಳು ಲಿಫ್ಟಿನ ಬಳಿ ಎದುರಾಗುತ್ತಾರೆ. ತರಗತಿಯಲ್ಲಿ ಒಟ್ಟಿಗೆ ಕೂರುವುದು ಅಪರೂಪ. ಇದರ ಮೇಲೆ ವರ್ಗಾವಣೆಯ ಮಕ್ಕಳು ಬೇರೆ. ಕೇಂದ್ರ ಸರ್ಕಾರ, ಬ್ಯಾಂಕು, ಐಟಿ ಕಂಪನಿಗಳ ಕೆಲಸದ ಮೇಲೆ ಬರುವ ಬಂಗಾಳಿ, ಬಿಹಾರಿ, ಪಹಾಡಿ, ತಮಿಳು, ಕನ್ನಡ ಕುಟುಂಬಗಳ ಮಕ್ಕಳು ಎಂಟನೆಯ ತರಗತಿಯಲ್ಲೋ ಒಂಬತ್ತರಲ್ಲೋ ಏಕಾಏಕಿ ಹೊಸ ತರಗತಿಯ ಕೊನೆಯ ಬೆಂಚಿನಲ್ಲಿ ಬಂದು ಕೂರುತ್ತಾರೆ.

ಆಡಳಿತದ ಗಡಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ದೆಹಲಿ ಸರ್ಕಾರ 2018ರ ಜುಲೈನಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ ಆರಂಭಿಸಿದ ‘ಹ್ಯಾಪಿನೆಸ್’ ಪಠ್ಯಕ್ರಮವಾಗಲಿ, ಮುಂದೆ ಹೇಳಲಿರುವ ‘ಚುನೌತಿ’ ಯೋಜನೆಯಾಗಲಿ ಮೆಟ್ರೊ ಹಳಿಯೊಡನೆ ಗಡಿ ದಾಟಿ ಇತ್ತ ಬರಲಿಲ್ಲ. ಇಂದಿರಾಪುರಂನ ಸರ್ಕಾರಿ ಶಾಲೆಗಳಿಗೆ ಅಪ್ಪಣೆ ಬರುವುದು ಲಖನೌದಿಂದ.

ವಯಸ್ಸಿನ ಸ್ವಭಾವ

ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19ರವರೆಗಿನ ವಯಸ್ಸನ್ನು ಹದಿಹರೆಯ ಎನ್ನುತ್ತದೆ. ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಹಾಲ್ 1904ರ ತನ್ನ ಗ್ರಂಥದಲ್ಲಿ ಈ ಕಾಲವನ್ನು ಬಿರುಗಾಳಿಯ ಕಾಲವೆಂದು ಚಿತ್ರಿಸಿದ ಮೇಲೆ ಆ ಮಾತೇ ಬಹುಕಾಲ ಶಿಕ್ಷಕರ ತಲೆಯಲ್ಲಿ ಉಳಿಯಿತು. ಈಚಿನ ಅಧ್ಯಯನಗಳು ಬೇರೆ ಚಿತ್ರ ಕೊಡುತ್ತವೆ. ಯೋಜನೆ ಮತ್ತು ಸಂಯಮಕ್ಕೆ ಸಂಬಂಧಿಸಿದ ಮಿದುಳಿನ ಮುಂಭಾಗ ಇಪ್ಪತ್ತರ ನಡುವಿನವರೆಗೂ ಬೆಳೆಯುತ್ತಲೇ ಇರುತ್ತದೆ. ಗೆಳೆಯರ ಕಣ್ಣಿನಲ್ಲಿ ತಾನು ಹೇಗೆ ಕಾಣುತ್ತೇನೆ ಎಂಬುದು ಈ ವಯಸ್ಸಿನಲ್ಲಿ ಬೇರೆಲ್ಲಕ್ಕಿಂತ ಭಾರವಾಗುತ್ತದೆ. ನಿದ್ದೆಯ ಹೊತ್ತು ತಡರಾತ್ರಿಯತ್ತ ಸರಿಯುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಈ ವಯಸ್ಸಿನವರ ಶಾಲೆ ಬೆಳಗ್ಗೆ ಎಂಟೂವರೆಗಿಂತ ಮುಂಚೆ ಶುರುವಾಗಬಾರದೆಂದು ಸಲಹೆ ಕೊಟ್ಟಿತು. ರಾಜಧಾನಿ ವಲಯದಲ್ಲಿ ಬೇಸಿಗೆಯ ಬಿಸಿಲಿಗೆ ಅಂಜಿ ಇನ್ನೂ ಮುಂಚೆಯೇ ಗಂಟೆ ಬಾರಿಸುತ್ತಾರೆ. ಮೊದಲ ಪಿರಿಯಡ್ಡಿನಲ್ಲಿ ತೂಕಡಿಸುವ ಹುಡುಗನನ್ನು ಸೋಮಾರಿ ಎನ್ನುವ ಮೊದಲು ಇದನ್ನು ನೆನೆಯಬೇಕು.

ತರಗತಿಯ ದೃಷ್ಟಿಯಿಂದ ನೋಡಿದರೆ ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಜಾಕ್ವೆಲಿನ್ ಎಕಲ್ಸ್ ಮತ್ತು ಕ್ಯಾರೊಲ್ ಮಿಜ್ಲಿ ಅವರ ವಿಚಾರ. ಮಗು ತನ್ನ ನಿರ್ಧಾರ ತಾನೇ ಮಾಡಬೇಕೆಂದು ಹಂಬಲಿಸುವ ವಯಸ್ಸಿಗೇ ಸರಿಯಾಗಿ ಶಾಲೆ ಬಿಗಿ ಹೆಚ್ಚಿಸುತ್ತದೆ. ಹಿರಿಯರೊಬ್ಬರ ಆಸರೆ ಬೇಕಾದ ಹೊತ್ತಿಗೇ ಒಬ್ಬ ತರಗತಿ ಶಿಕ್ಷಕಿಯ ಬದಲು ವಿಷಯಕ್ಕೊಬ್ಬರು ಬಂದು ಹೋಗತೊಡಗುತ್ತಾರೆ. ಈ ಹಂತದಲ್ಲಿ ಓದಿನಿಂದ ಮನಸ್ಸು ಹಿಂದೆಗೆಯುವುದಕ್ಕೆ ವಯಸ್ಸಿನಷ್ಟೇ ಈ ಹೊಂದಿಕೆ ತಪ್ಪಿದ ಏರ್ಪಾಟೂ ಕಾರಣ ಎಂಬುದು ಅವರ ವಾದ. ಕರ್ನಾಟಕದಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಋಷಿ ವ್ಯಾಲಿ ಶಾಲೆಯ ಮಾದರಿಯನ್ನು ನೋಡಿ ಬಂದು ಕಟ್ಟಿದ ನಲಿಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಕಲಿಕಾ ಏಣಿಯ ಮೇಲೆ ತಮ್ಮ ತಮ್ಮ ಮೆಟ್ಟಿಲಲ್ಲಿ ನಿಂತು, ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು ಕಲಿಯುತ್ತಾರೆ. ಅದೇ ಮಕ್ಕಳು ಎಂಟಕ್ಕೆ ಹೈಸ್ಕೂಲು ಸೇರಿದಾಗ ಸಾಲು ಬೆಂಚು, ಒಂದೇ ನೋಟ್ಸು, ಒಂದೇ ವೇಗ. ಏಣಿ ಏರುವುದನ್ನು ಕಲಿಸಿ, ಎತ್ತರ ಹೆಚ್ಚಾದಲ್ಲಿ ಏಣಿಯನ್ನೇ ತೆಗೆದಂತಾಗಿದೆ.

ಕಾನೂನು ತೆರೆದ ಬಾಗಿಲು

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ವಿಧಿ, ಅನುದಾನರಹಿತ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇ. 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದು, ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಕರ್ನಾಟಕದಲ್ಲಿ 2019–20ರಿಂದ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಸಿಗದೆಂದು ನಿಯಮ ಬದಲಾಯಿತು; ಅಂಥ ಪ್ರವೇಶಗಳು ಥಟ್ಟನೆ ಇಳಿದವು.

ಹದಿಹರೆಯದವರ ಮಟ್ಟಿಗೆ ಈ ಕಾಯ್ದೆಯ ದೊಡ್ಡ ಕೊರತೆ ಎಂದರೆ ಅದು ಎಂಟನೆಯ ತರಗತಿಗೆ ನಿಂತುಬಿಡುವುದು. ಎಂಟು ವರ್ಷ ಒಂದೇ ಬೆಂಚಿನಲ್ಲಿ ಕೂತು ಬಂದ ಹುಡುಗಿಯ ಮನೆಗೆ ಒಂಬತ್ತನೆಯ ತರಗತಿಯ ಬಾಗಿಲಲ್ಲಿ ಪೂರ್ತಿ ಫೀಸಿನ ಚೀಟಿ ಬರುತ್ತದೆ. ಕೊಡಲಾಗದಿದ್ದರೆ ಶಾಲೆಯೂ, ಕೆಲವೊಮ್ಮೆ ಮಾಧ್ಯಮವೂ, ಗೆಳತಿಯರೂ ಒಮ್ಮೆಗೇ ಬದಲಾಗಬೇಕು. ಕಿತ್ತು ನೆಡಲು ಇದಕ್ಕಿಂತ ಕೆಟ್ಟ ವಯಸ್ಸು ಇನ್ನೊಂದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ವಿಷಯದಲ್ಲಿ ಮುಂದಿದೆ. ಅದು 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಕಲಿಕಾ ನ್ಯೂನತೆ ಮತ್ತು ಆಟಿಸಂ ಕೂಡ ಆ ಪಟ್ಟಿಯಲ್ಲಿವೆ. ಶೇ. 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವಿರುವ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. ಕಾಗದದ ಮೇಲಿನ ಹಕ್ಕು ತರಗತಿಗೆ ಬರಬೇಕಾದರೆ ವಿಶೇಷ ಶಿಕ್ಷಕರು ಬೇಕು. ಉತ್ತರ ಪ್ರದೇಶದ ವಿಶೇಷ ಶಿಕ್ಷಕರು ಹೂಡಿದ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೊಬ್ಬರು, ಅದರ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. ಸಿಬಿಎಸ್‌ಇ ಕೂಡ ತನ್ನ ಮಾನ್ಯತೆಯ ನಿಯಮಗಳಲ್ಲಿ ವಿಶೇಷ ಶಿಕ್ಷಕರ ನೇಮಕವನ್ನು ಕಡ್ಡಾಯ ಮಾಡಿದೆ. ಒಬ್ಬ ವಿಶೇಷ ಶಿಕ್ಷಕಿ ಇಡೀ ಶಾಲೆಗೆ ಇದ್ದರೆ ಸಾಲದು. ಆಕೆ ಗಣಿತದ ಸರ್, ವಿಜ್ಞಾನದ ಮೇಡಂ ಜೊತೆ ಕೂತು ಮುಂದಿನ ವಾರದ ಪಾಠವನ್ನು ತಿದ್ದುವ ಬಿಡುವು ವೇಳಾಪಟ್ಟಿಯಲ್ಲಿ ಇರಬೇಕು. ಆ ಬಿಡುವು ಇಲ್ಲದ ಕಡೆ ಮಗುವನ್ನು ಪಾಠದ ಹೊತ್ತಿಗೆ ಹೊರಗೆಳೆದು ‘ರಿಸೋರ್ಸ್ ರೂಮಿ’ನಲ್ಲಿ ಕೂರಿಸುವುದೇ ಒಳಗೊಳ್ಳುವಿಕೆ ಎನಿಸಿಬಿಡುತ್ತದೆ.

ಒಂದೇ ಬೆಂಚು, ಹಲವು ಮಟ್ಟ

ಮಿಶ್ರ ತರಗತಿಯ ಅತ್ಯಂತ ಕಷ್ಟದ ಪ್ರಶ್ನೆ ಕಲಿಕೆಯ ಮಟ್ಟದ್ದು. ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂಡ್ರೊ ಗನಿಮಿಯನ್ ದೆಹಲಿಯಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬಿಚ್ಚಿಟ್ಟಿತು. ಆರನೆಯ ತರಗತಿಯ ಸಾಧಾರಣ ವಿದ್ಯಾರ್ಥಿ ಗಣಿತದಲ್ಲಿ ಸುಮಾರು ಎರಡೂವರೆ ತರಗತಿಯಷ್ಟು ಹಿಂದಿದ್ದ. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಆ ಅಂತರ ನಾಲ್ಕೂವರೆ ತರಗತಿಯಷ್ಟಾಗಿತ್ತು. ಒಂದೇ ಕೋಣೆಯೊಳಗಿನ ಮಕ್ಕಳ ಮಟ್ಟ ಐದಾರು ತರಗತಿಗಳ ಉದ್ದಕ್ಕೆ ಹರಡಿತ್ತು. ಶಾಲೆಯ ನಂತರ ಪ್ರತಿ ಮಗುವಿನ ಮಟ್ಟಕ್ಕೆ ತಕ್ಕ ಲೆಕ್ಕ ಮತ್ತು ಓದು ಕೊಡುವ ಮೈಂಡ್‌ಸ್ಪಾರ್ಕ್ ಎಂಬ ಕಂಪ್ಯೂಟರ್ ಪಾಠಕ್ಕೆ 619 ಮಕ್ಕಳ ಪೈಕಿ ಒಂದು ಭಾಗಕ್ಕೆ ಲಾಟರಿಯಿಂದ ಅವಕಾಶ ಸಿಕ್ಕಿತು. ನಾಲ್ಕೂವರೆ ತಿಂಗಳಲ್ಲಿ ಅವರು ಗಣಿತದಲ್ಲೂ ಹಿಂದಿಯಲ್ಲೂ ಉಳಿದವರಿಗಿಂತ ಸ್ಪಷ್ಟವಾಗಿ ಮುಂದೆ ಹೋದರು. ಉಳಿದವರ ಪೈಕಿ ತೀರ ಕೆಳಗಿನ ಮೂರನೆಯ ಒಂದು ಭಾಗದ ಮಕ್ಕಳು ಎಂದಿನ ಶಾಲೆಯ ಪಾಠದಿಂದ ಏನಾದರೂ ಮುಂದುವರಿದರು ಎನ್ನಲು ಆಧಾರವೇ ಸಿಗಲಿಲ್ಲ. ದಿನಾ ಶಾಲೆಗೆ ಬಂದು, ಸುಮ್ಮನೆ ಕೂತು, ಏನೂ ಕಲಿಯದೆ ಹಿಂದಿರುಗುವ ಮಕ್ಕಳ ಬಗೆಗಿನ ಈ ಮಾತು ಶಾಲೆ ನಡೆಸುವವರೆಲ್ಲರ ನಿದ್ದೆ ಕೆಡಿಸಬೇಕಾದದ್ದು. ಶಾಲಾ ಕಲಿಕೆಯ ಸಮೀಕ್ಷೆಯಾದ ‘ಅಸರ್’ನ 2023ರ ವರದಿಯ ಪ್ರಕಾರ 14ರಿಂದ 18ರ ವಯಸ್ಸಿನ ಗ್ರಾಮೀಣ ಮಕ್ಕಳಲ್ಲಿ ಸುಮಾರು ಕಾಲುಭಾಗ ತಮ್ಮದೇ ಭಾಷೆಯ ಎರಡನೆಯ ತರಗತಿಯ ಪಠ್ಯವನ್ನು ಸರಾಗವಾಗಿ ಓದಲಾರರು.

ದೆಹಲಿ ಸರ್ಕಾರ 2016ರಲ್ಲಿ ತಂದ ‘ಚುನೌತಿ’ ಯೋಜನೆ ಈ ಅಂತರಕ್ಕೆ ಉತ್ತರವಾಗಿ ಆರರಿಂದ ಒಂಬತ್ತನೆಯ ತರಗತಿಯ ಮಕ್ಕಳನ್ನು ಓದುವ ಮಟ್ಟಕ್ಕೆ ತಕ್ಕಂತೆ ಪ್ರತಿಭಾ, ನಿಷ್ಠಾ, ನಿಯೊ-ನಿಷ್ಠಾ ಎಂಬ ಗುಂಪುಗಳಾಗಿ ವಿಂಗಡಿಸಿತು. ಒಂಬತ್ತರಲ್ಲಿ ಮತ್ತೆ ಮತ್ತೆ ನಪಾಸಾದವರಿಗೆ ‘ವಿಶ್ವಾಸ್’ ಎಂಬ ಗುಂಪು ಮಾಡಿ ಅಂಚೆ ಶಿಕ್ಷಣದ ಪತ್ರಾಚಾರ ವಿದ್ಯಾಲಯದ ಮೂಲಕ ಹತ್ತನೆಯ ಪರೀಕ್ಷೆಗೆ ಕೂರಿಸಿತು. ಮೊದಲ ವರ್ಷ ಅವರಲ್ಲಿ ಹೆಚ್ಚಿನವರು ತೇರ್ಗಡೆಯಾಗಲಿಲ್ಲ. ಅಕ್ಷರ ಕೂಡಿಸಲು ಬಾರದ ಮಗುವಿಗೆ ಆ ಅಕ್ಷರವನ್ನೇ ಕಲಿಸಬೇಕೆಂಬ ಯೋಜನೆಯ ತಿರುಳು ಸರಿಯಾಗಿಯೇ ಇತ್ತು. ಆದರೆ ಗುಂಪು ಇಡೀ ದಿನದ ಸೆಕ್ಷನ್ ಆದಾಗ, ಹೆಸರು ಎಷ್ಟೇ ಚೆಂದವಿರಲಿ, ಯಾವುದು ದಡ್ಡರ ಗುಂಪು ಎಂಬುದು ಮಕ್ಕಳಿಗೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಪ್ರಥಮ್ ಸಂಸ್ಥೆ ಬೆಳೆಸಿದ, ಮಟ್ಟಕ್ಕೆ ತಕ್ಕ ಬೋಧನೆಯ ಕ್ರಮದಲ್ಲಿ ಈ ವಿಂಗಡಣೆ ದಿನದ ಒಂದೆರಡು ತಾಸಿಗೆ ಸೀಮಿತ. ಮಗು ಮುಂದೆ ಹೋದಂತೆ ಗುಂಪೂ ಬದಲಾಗುತ್ತದೆ. ಖಾಸಗಿ ಶಾಲೆಗಳು ಮತ್ತು ಕೋಚಿಂಗ್ ಕೇಂದ್ರಗಳು ಅಂಕದ ಮೇಲೆ ಸೆಕ್ಷನ್ ಮಾಡುವ ರೂಢಿಗೆ ಈಗ ನ್ಯಾಯಾಲಯದ ಆಕ್ಷೇಪವೂ ಇದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಹೊರಡಿಸಿದ ಮಾರ್ಗಸೂಚಿಗಳಲ್ಲಿ ಅಂಕಗಳ ಆಧಾರದ ಮೇಲೆ ಬ್ಯಾಚು ಬೇರ್ಪಡಿಸುವುದನ್ನೂ, ಎಲ್ಲರೆದುರು ಅವಮಾನಿಸುವುದನ್ನೂ ಆದಷ್ಟು ಬಿಡಬೇಕೆಂದು ಹೇಳಿದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ವರ್ಷದ ಆರಂಭದ ಸೇತುಬಂಧ ಕಾರ್ಯಕ್ರಮ ಇದೇ ಕೆಲಸಕ್ಕೆಂದು ಹುಟ್ಟಿದ್ದು. ಜೂನಿನಲ್ಲಿ ಪೂರ್ವ ಪರೀಕ್ಷೆ ಮಾಡಿ, ಹಿಂದಿನ ತರಗತಿಯ ಬಿಟ್ಟುಹೋದ ಸಾಮರ್ಥ್ಯಗಳನ್ನು ಹಿಡಿದು ಕಲಿಸಿ, ಸಾಫಲ್ಯ ಪರೀಕ್ಷೆ ಮಾಡುತ್ತಾರೆ. ನಾಲ್ಕು ತರಗತಿಯ ಅಂತರ ಜೂನ್ ತಿಂಗಳೊಂದರಲ್ಲಿ ತುಂಬುವಂಥದಲ್ಲ. ಕೊರೊನಾ ನಂತರ 2022–23ರಲ್ಲಿ ‘ಕಲಿಕಾ ಚೇತರಿಕೆ’ ಎಂದು ಇಡೀ ವರ್ಷವನ್ನೇ ಇದಕ್ಕೆ ಮೀಸಲಿಟ್ಟು, ಕಲಿಕಾ ಹಾಳೆಗಳನ್ನು ಕೊಟ್ಟದ್ದು ಹೆಚ್ಚು ಪ್ರಾಮಾಣಿಕ ಹೆಜ್ಜೆಯಾಗಿತ್ತು. ಹತ್ತನೆಯ ತರಗತಿಗೆ ಬಂದರೆ ಕಥೆ ಬೇರೆ. ಡಿಸೆಂಬರ್ ಆಯಿತೆಂದರೆ ಹಿಂದುಳಿದವರ ಕೈಗೆ ‘ಪಾಸಿಂಗ್ ಪ್ಯಾಕೇಜ್’ ಬರುತ್ತದೆ: ನಕ್ಷೆ, ರಚನೆ, ಖಚಿತವಾಗಿ ಬರುವ ನಾಲ್ಕಾರು ಲೆಕ್ಕ. ಅದನ್ನು ಹಿಡಿದು ಪಾಸಾದವರ ಬದುಕು ಮುಂದೆ ಸಾಗಿದೆ, ಹಾಗಾಗಿ ಅದನ್ನು ಹಗುರವಾಗಿ ಕಾಣಲಾಗದು. ಆದರೆ ಅದು ಶುರುವಾದ ದಿನವೇ ಆ ಮಗುವಿಗೆ ಪಾಠ ನಿಂತುಹೋಗುತ್ತದೆ ಎಂಬುದೂ ಅಷ್ಟೇ ದಿಟ.

ಒಂದು ಪಾಠದ ಮಾದರಿ

ಒಂದೇ ಗುರಿಗೆ ಹಲವು ದಾರಿ ಕೊಡುವ ಕ್ರಮವನ್ನು ಅಮೆರಿಕದ ಕ್ಯಾರೊಲ್ ಆನ್ ಟಾಮ್ಲಿನ್ಸನ್ ವಿಸ್ತಾರವಾಗಿ ಬೆಳೆಸಿದರು. ಕಾಸ್ಟ್ ಸಂಸ್ಥೆಯ ಸಾರ್ವತ್ರಿಕ ಕಲಿಕಾ ವಿನ್ಯಾಸ ಇದರ ಹತ್ತಿರದ ಬಂಧು: ವಿಷಯವನ್ನು ಹಲವು ರೂಪದಲ್ಲಿ ತೋರಿಸು, ಹಲವು ರೂಪದಲ್ಲಿ ಉತ್ತರಿಸಲು ಬಿಡು, ಆಸಕ್ತಿಗೆ ಹಲವು ಬಾಗಿಲು ತೆರೆ. ಮಾತಿನಲ್ಲಿ ಇದು ದೊಡ್ಡ ತತ್ವದಂತೆ ಕೇಳಿಸುತ್ತದೆ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಅದರ ರೂಪ ಸರಳವಾದದ್ದು.

ಒಂಬತ್ತನೆಯ ತರಗತಿಯ ಎರಡು ಚರಾಕ್ಷರಗಳ ಸಮೀಕರಣವನ್ನೇ ತೆಗೆದುಕೊಳ್ಳೋಣ. ಶಿಕ್ಷಕಿ ಪುಸ್ತಕ ತೆರೆಯುವ ಬದಲು ಮನೆಯ ಕರೆಂಟ್ ಬಿಲ್ಲಿನಿಂದ ಶುರುಮಾಡುತ್ತಾರೆ: ತಿಂಗಳಿಗೆ 110 ರೂಪಾಯಿ ನಿಗದಿತ ಶುಲ್ಕ, ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಳ್ಳಿ. ಮನೆಗೆ ಬೀಗ ಹಾಕಿ ಊರಿಗೆ ಹೋದ ತಿಂಗಳು ಬಿಲ್ ಎಷ್ಟು ಬಂದೀತು? ಸೊನ್ನೆ ಎನ್ನುವವರೂ 110 ಎನ್ನುವವರೂ ಜಗಳವಾಡುತ್ತಾರೆ. ಆ ಜಗಳದಲ್ಲೇ, ರೇಖೆ ಯಾಕೆ ಮೂಲಬಿಂದುವಿನಿಂದ ಹೊರಡದೆ ಮೇಲಿನಿಂದ ಹೊರಡುತ್ತದೆ ಎಂಬುದರ ಅರ್ಥ ಅಡಗಿದೆ. ನಂತರ ಮೂರು ಕೆಲಸ. ಗುಣಾಕಾರದಲ್ಲೇ ತೊಡಕಿರುವವರು 10, 20, 30 ಯೂನಿಟ್ಟುಗಳಿಗೆ ಪಟ್ಟಿ ತುಂಬುತ್ತಾರೆ. ಇನ್ನು ಕೆಲವರು ಅದೇ ಪಟ್ಟಿಯನ್ನು ಗ್ರಾಫ್ ಹಾಳೆಗೆ ಇಳಿಸುತ್ತಾರೆ. ಸಮೀಕರಣ ಬರೆಯಬಲ್ಲವರಿಗೆ 50 ರೂಪಾಯಿ ನಿಗದಿತ ಶುಲ್ಕ, ಯೂನಿಟ್ಟಿಗೆ 7 ರೂಪಾಯಿಯ ಇನ್ನೊಂದು ಬಿಲ್ ಕೊಟ್ಟು, ಎಷ್ಟು ಯೂನಿಟ್ಟಿಗೆ ಎರಡೂ ಒಂದೇ ಆಗುತ್ತವೆ ಎಂದು ಕೇಳುತ್ತಾರೆ. 60 ಯೂನಿಟ್ಟಿಗೆ ಎರಡೂ 470 ರೂಪಾಯಿ. ಕೊನೆಯ ಎಂಟು ನಿಮಿಷ ಎಲ್ಲರಿಗೂ ಒಂದೇ ಪ್ರಶ್ನೆ, ಉತ್ತರ ಚೀಟಿಯಲ್ಲಿ: ಬಿಲ್ 710 ಬಂದರೆ ಉರಿದ ಯೂನಿಟ್ ಎಷ್ಟು? ಪಟ್ಟಿಯವನು ಪಟ್ಟಿ ಬೆಳೆಸಿ, ಗ್ರಾಫಿನವಳು ರೇಖೆ ಹಿಡಿದು, ಮೂರನೆಯವನು ಭಾಗಿಸಿ 100ಕ್ಕೆ ಬರುತ್ತಾರೆ. ನಾಳೆ ಯಾರು ಯಾವ ಕೆಲಸದಿಂದ ಆರಂಭಿಸಬೇಕೆಂಬುದು ಆ ಚೀಟಿಗಳಿಂದ ತಿಳಿಯುತ್ತದೆ. ಇಂದು ಪಟ್ಟಿ ತುಂಬಿದವನು ನಾಳೆ ಗ್ರಾಫಿಗೆ ಏರಬಹುದು; ಈ ಚಲನೆ ಇದ್ದರೆ ಮಾತ್ರ ಗುಂಪು ಹಣೆಪಟ್ಟಿಯಾಗುವುದಿಲ್ಲ. 40 ಮಕ್ಕಳ ತರಗತಿಯಲ್ಲಿ ದಿನಕ್ಕೆ ಆರು ಪಿರಿಯಡ್ ಇರುವ ಶಿಕ್ಷಕಿ ಪ್ರತಿ ಪಾಠಕ್ಕೂ ಇಷ್ಟು ತಯಾರಿ ಮಾಡಲಾರರು ಎಂಬುದೂ ನಿಜ. ವಾರಕ್ಕೊಂದು ಪಾಠವನ್ನಾದರೂ ಒಂದೇ ವಿಷಯದ ಶಿಕ್ಷಕರು ಹಂಚಿಕೊಂಡು ತಯಾರಿಸಿದರೆ ಎರಡು ವರ್ಷದಲ್ಲಿ ಶಾಲೆಗೆ ತನ್ನದೇ ಆದ ಸಂಗ್ರಹವಾಗುತ್ತದೆ.

ಒಟ್ಟಿಗೆ ಕೂರುವುದರ ಫಲ

ಬಡ ಮಕ್ಕಳು ಬಂದರೆ ನಮ್ಮ ಮಕ್ಕಳ ಓದು ಕೆಡುತ್ತದೆ ಎಂಬ ಆತಂಕವನ್ನು ಇಂದಿರಾಪುರಂನಂಥ ಬಡಾವಣೆಗಳಲ್ಲಿ ಪೋಷಕರು ಬಾಯಿಬಿಟ್ಟೇ ಹೇಳುತ್ತಾರೆ. ಇದನ್ನು ಅಳೆದು ನೋಡಿದವರು ಅರ್ಥಶಾಸ್ತ್ರಜ್ಞ ಗೌತಮ್ ರಾವ್. ದೆಹಲಿಯಲ್ಲಿ 2007ರಿಂದಲೇ ಹಲವು ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಸೀಟು ಕೊಡಬೇಕಾಗಿ ಬಂದದ್ದರಿಂದ, ಅಂಥ ಸಹಪಾಠಿಗಳಿದ್ದ ತರಗತಿಗಳನ್ನೂ ಇಲ್ಲದ ತರಗತಿಗಳನ್ನೂ ಹೋಲಿಸುವುದು ಸಾಧ್ಯವಾಯಿತು. ಬಡ ಸಹಪಾಠಿಗಳಿದ್ದ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳೂ, ಪರರಿಗೆ ನೆರವಾಗುವವರೂ ಆಗಿದ್ದರು. ಬಹುಮಾನವಿದ್ದ ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ ಬಡವನೆಂಬ ಕಾರಣಕ್ಕೆ ವೇಗದ ಓಟಗಾರನನ್ನು ಬಿಡುವುದು ಅವರಲ್ಲಿ ಕಡಿಮೆಯಾಗಿತ್ತು. ಇಂಗ್ಲಿಷ್ ಅಂಕಗಳಲ್ಲಿ ಸಣ್ಣ ಇಳಿಕೆಯೂ ಕಂಡಿತು. ಆ ನಷ್ಟವನ್ನು ಅವರು ಮುಚ್ಚಿಡಲಿಲ್ಲ. 2019ರಲ್ಲಿ ಪ್ರಕಟವಾದ ಈ ಅಧ್ಯಯನದ ಇನ್ನೊಂದು ಅಂಶವನ್ನು ಶಿಕ್ಷಕರು ಗಮನಿಸಬೇಕು: ಒಂದೇ ಶಾಲೆಯಲ್ಲಿರುವುದಷ್ಟೇ ಅಲ್ಲ, ಒಂದೇ ಗುಂಪಿನಲ್ಲಿ ಕೂತು ಕೆಲಸ ಮಾಡಿದ್ದರಿಂದ ಈ ಬದಲಾವಣೆ ಬಂದಿತ್ತು.

ಹಾಗೆ ಕೆಲಸ ಮಾಡಿಸುವ ಹಳೆಯ ವಿಧಾನವೊಂದು ಎಲಿಯಟ್ ಆರನ್ಸನ್ ಅವರದು. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಕರಿಯ, ಬಿಳಿಯ ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಗೆ ಬಂದಾಗ ಗಲಭೆಗಳಾದವು. ಆರನ್ಸನ್ ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಎಲ್ಲರ ತುಂಡೂ ಸೇರದೆ ಪಾಠ ಪೂರ್ತಿಯಾಗುವಂತಿರಲಿಲ್ಲ. ತೊದಲುವ ಹುಡುಗನ ಮಾತನ್ನೂ ತಾಳ್ಮೆಯಿಂದ ಕೇಳಲೇಬೇಕಾಯಿತು, ಏಕೆಂದರೆ ಆ ಭಾಗ ಅವನೊಬ್ಬನ ಬಳಿಯೇ ಇತ್ತು. ಹಿಂದಿ ಬಾರದೆ ವರ್ಗವಾಗಿ ಬಂದ ಕನ್ನಡದ ಹುಡುಗಿಗೆ ಇಂದಿರಾಪುರಂನಲ್ಲೂ ಇದೇ ವಿಧಾನ ಒದಗುತ್ತದೆ.

ವಿಕಲಚೇತನ ಮಕ್ಕಳ ವಿಷಯದಲ್ಲಿ ಈ ಭಾಗಕ್ಕೆ ಹತ್ತಿರದ ದೊಡ್ಡ ಮಾದರಿ ದೆಹಲಿಯ ಕಡ್ಕಡ್‌ಡೂಮಾದ ಅಮರ್ ಜ್ಯೋತಿ ಶಾಲೆ. ವೈಶಾಲಿಗೆ ಬರುವ ಮೆಟ್ರೊ ಮಾರ್ಗದಲ್ಲೇ ಆ ನಿಲ್ದಾಣವಿದೆ. ಉಮಾ ತುಲಿ ಅವರು 1981ರಲ್ಲಿ ಆರಂಭಿಸಿದ ಈ ಸಂಸ್ಥೆ ವಿಕಲಚೇತನ ಮಕ್ಕಳು ಮತ್ತು ಇತರ ಮಕ್ಕಳನ್ನು ಸಮ ಸಂಖ್ಯೆಯಲ್ಲಿ ಸೇರಿಸಿಕೊಳ್ಳುವ ಕ್ರಮ ಇಟ್ಟುಕೊಂಡಿತು. ನಲವತ್ತರಲ್ಲಿ ಒಬ್ಬಳೇ ಗಾಲಿಕುರ್ಚಿಯ ಹುಡುಗಿ ಇದ್ದಾಗ ಅವಳು ಎಲ್ಲರ ಕಣ್ಣಿಗೂ ಕರುಣೆಯ ವಸ್ತು. ಅರ್ಧದಷ್ಟು ಇದ್ದಾಗ ಇಳಿಜಾರು ದಾರಿಯೂ, ಆಟದ ನಿಯಮವೂ, ಗೆಳೆತನವೂ ತಾವಾಗಿ ಬದಲಾಗುತ್ತವೆ.

ಮನೆಮಾತು ಮತ್ತು ಶಾಲೆಯ ಮಾತು

ರಾಜಧಾನಿ ವಲಯದ ಕನ್ನಡ ಮಕ್ಕಳಿಗೆ ಕನ್ನಡ ಬಹುತೇಕ ಅಡುಗೆಮನೆಯ, ಫೋನಿನಲ್ಲಿ ಅಜ್ಜಿಯೊಡನೆ ಆಡುವ ಭಾಷೆ. ದೆಹಲಿಯ ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆ ಇದೆ. ಸಿಬಿಎಸ್‌ಇ ಹತ್ತನೆಯ ತರಗತಿಯ ಭಾಷಾ ವಿಷಯಗಳಲ್ಲಿ ಕನ್ನಡವೂ ಒಂದು. ಆದರೆ ಇಂದಿರಾಪುರಂನಿಂದ ಯಮುನೆ ದಾಟಿ ದಿನಾ ಅಲ್ಲಿಗೆ ಹೋಗಿಬರುವುದು ಎಲ್ಲರಿಂದಾಗದು. ಹತ್ತಿರದ ಶಾಲೆಗಳು ಸಾಮಾನ್ಯವಾಗಿ ಸಂಸ್ಕೃತ, ಫ್ರೆಂಚ್, ಜರ್ಮನ್ ಕೊಡುತ್ತವೆ. ಕರ್ನಾಟಕದಲ್ಲಿ ಕನ್ನಡಿಯ ಬಿಂಬದಂತೆ ಇದರ ತಿರುವು ಇದೆ: 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಿಂದಾಗಿ ಬೆಂಗಳೂರಿನ ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲಿ ಹಿಂದಿ, ಬಂಗಾಳಿ ಮನೆಮಾತಿನ ಮಕ್ಕಳೂ ಕನ್ನಡ ಕಲಿಯಬೇಕು.

ಮನೆಮಾತು ಬೇರೆಯಾದ ಮಕ್ಕಳಿಗೆ ಕಲಿಸುವುದರಲ್ಲಿ ಹಳೆಯ ಅನುಭವ ಇರುವುದು ಕಾಸರಗೋಡಿನ ಶಿಕ್ಷಕರಿಗೆ. ಅಲ್ಲಿನ ಕನ್ನಡ ಮಾಧ್ಯಮದ ತರಗತಿಯಲ್ಲಿ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಮರಾಟಿ, ಮಲಯಾಳ ಆಗಿರುವ ಮಕ್ಕಳು ಕೇರಳದ ಪಠ್ಯಕ್ರಮವನ್ನು ಕನ್ನಡದಲ್ಲಿ ಓದುತ್ತಾರೆ. ವಿವರಿಸುವಾಗ ತುಳುವಿಗೆ ಹೊರಳಿ, ಬರೆಸುವಾಗ ಕನ್ನಡಕ್ಕೆ ಮರಳುವುದು ಅಲ್ಲಿ ಯಾರೂ ಹೇಳಿಕೊಡದೆ ಬಂದ ವಿಧಾನ. ಇಂದಿರಾಪುರಂನ ಇಂಗ್ಲಿಷ್ ಶಾಲೆಗಳಲ್ಲಿ ಹಿಂದಿ ಮಾತಾಡಿದರೆ ಗದರಿಸುವ ಕಡೆ, ವಿಜ್ಞಾನದ ಪ್ರಶ್ನೆ ಮಗುವಿನ ಗಂಟಲಲ್ಲೇ ಉಳಿಯುತ್ತದೆ. ಗುಂಪಿನಲ್ಲಿ ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಲಿ, ಕೊನೆಯ ಉತ್ತರ ಇಂಗ್ಲಿಷಿನಲ್ಲಿರಲಿ ಎಂಬಷ್ಟು ಸಡಿಲಿಕೆಯಿಂದಲೇ ಬಹಳ ವ್ಯತ್ಯಾಸವಾಗುತ್ತದೆ.

ತರಗತಿಯ ಗಾಳಿ

ತರಗತಿಯ ಗಾಳಿ ಎಂಬ ಮಾತು ರಾಜಧಾನಿ ವಲಯದಲ್ಲಿ ಮೊದಲು ಅಕ್ಷರಶಃ ನಿಜ. ಇಂದಿರಾಪುರಂನಲ್ಲಿ ವಾಯುಗುಣಮಟ್ಟ ಅಳೆಯುವ ಕೇಂದ್ರವೇ ಇದೆ. ನವೆಂಬರಿನಲ್ಲಿ ಹೊಗೆಮಂಜು ದಟ್ಟವಾದಾಗ ಶಾಲೆಗಳು ಮುಚ್ಚಿ ಪಾಠ ಮೊಬೈಲಿಗೆ ಹೋಗುತ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಹನ್ನೆರಡನೆಯ ತರಗತಿಯವರೆಗೂ ಹೀಗಾಯಿತು. ಸ್ವಂತ ಕೋಣೆ ಮತ್ತು ಲ್ಯಾಪ್‌ಟಾಪ್ ಇರುವ ಹುಡುಗನಿಗೂ, ಒಂದೇ ಫೋನನ್ನು ಮೂವರು ಹಂಚಿಕೊಳ್ಳುವ ಹುಡುಗಿಗೂ ಆ ದಿನಗಳು ಒಂದೇ ಅಲ್ಲ. ಕೊರೊನಾ ಕಾಲದಲ್ಲಿ ಕರ್ನಾಟಕದ ಶಿಕ್ಷಕರು ‘ವಿದ್ಯಾಗಮ’ದ ಹೆಸರಿನಲ್ಲಿ ಗುಡಿಯ ಜಗಲಿ, ಅರಳಿಕಟ್ಟೆಗಳಿಗೆ ಹೋಗಿ ಪಾಠ ಮಾಡಿದರು; ಹೊಗೆಯ ಊರಿನಲ್ಲಿ ಆ ದಾರಿಯೂ ಇಲ್ಲ.

ಕೋಣೆಯ ಏರ್ಪಾಟಿನಲ್ಲಿ ಚಿಕ್ಕ ಸಂಗತಿಗಳೇ ದೊಡ್ಡವು. ಸಿಬಿಎಸ್‌ಇ ತರಗತಿ ಕೋಣೆಗೆ ಕನಿಷ್ಠ 500 ಚದರ ಅಡಿ ಬೇಕೆನ್ನುತ್ತದೆ. ನಲವತ್ತು ಮಕ್ಕಳು, ನಲವತ್ತು ಬ್ಯಾಗು ಸೇರಿದರೆ ಶಿಕ್ಷಕಿ ಕೊನೆಯ ಬೆಂಚಿನವರೆಗೆ ನಡೆದು ಹೋಗಲು ದಾರಿ ಉಳಿಯುವುದಿಲ್ಲ. ಕಿವಿ ಮಂದವಿರುವ ಮಗುವಿಗೆ ಶ್ರವಣಯಂತ್ರ ಕೊಡಿಸಿದ ಮೇಲೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಯಂತ್ರ ಫ್ಯಾನಿನ ಸದ್ದನ್ನೂ, ಬೆಂಚು ಎಳೆಯುವ ಸದ್ದನ್ನೂ ಮಾತಿನಷ್ಟೇ ದೊಡ್ಡದು ಮಾಡುತ್ತದೆ. ಶಿಕ್ಷಕರು ಬೋರ್ಡಿಗೆ ಮುಖ ಮಾಡಿ ಬರೆಯುತ್ತಲೇ ಮಾತಾಡಿದರೆ ತುಟಿಯ ಚಲನೆಯೂ ಕಾಣದು. ಬರೆದು ಮುಗಿಸಿ, ತಿರುಗಿ, ಆಮೇಲೆ ಮಾತಾಡುವುದಕ್ಕೆ ಖರ್ಚೇನೂ ಇಲ್ಲ.

ಅವಮಾನವಿಲ್ಲದ, ಹೊಡೆತ ಬೈಗುಳವಿಲ್ಲದ ವಾತಾವರಣ ಫಲ ಕೊಡುತ್ತದೆಯೇ ಎಂಬುದನ್ನು ಬಿಹಾರದ ನಳಂದಾ ಜಿಲ್ಲೆಯ 70ಕ್ಕೂ ಹೆಚ್ಚು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದ ‘ಸೆಹರ್’ ಪ್ರಯೋಗ ಪರೀಕ್ಷಿಸಿತು. ಶಾಲೆಗೊಬ್ಬ ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರರನ್ನು ಇಟ್ಟ ಕಡೆ ಮಕ್ಕಳ ಖಿನ್ನತೆ, ಕೀಟಲೆ, ಹಿಂಸೆ ಕಡಿಮೆಯಾದವು. ಅದೇ ಕೆಲಸವನ್ನು ಶಿಕ್ಷಕರಿಗೇ ಹೆಚ್ಚುವರಿಯಾಗಿ ಹೊರಿಸಿದ ಕಡೆ ಏನೂ ಬದಲಾಗಲಿಲ್ಲ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಈ ಫಲಿತಾಂಶ ಶಿಕ್ಷಕರನ್ನು ದೂರುವುದಕ್ಕಲ್ಲ. ಎಲ್ಲ ಹೊರೆಯನ್ನೂ ಅವರ ತಲೆಗೇ ಕಟ್ಟುವ ಇಲಾಖೆಗಳಿಗೆ ಅದು ಉತ್ತರ. ಬೆಂಗಳೂರಿನ ನಿಮ್ಹಾನ್ಸ್ ಪ್ರೌಢಶಾಲೆಗಳಿಗಾಗಿ ರೂಪಿಸಿದ ಜೀವನ ಕೌಶಲ ಶಿಕ್ಷಣವೂ ಈ ಸಾಲಿನ ಮುಖ್ಯ ಪ್ರಯತ್ನ.

ಪರೀಕ್ಷೆ ಮತ್ತು ಮುಕ್ತ ಶಾಲೆ

ತರಗತಿಯಲ್ಲಿ ಎಷ್ಟೇ ದಾರಿಗಳಿದ್ದರೂ ಹತ್ತನೆಯ ಪರೀಕ್ಷೆಯ ಬಾಗಿಲು ಕಿರಿದು. ಸಿಬಿಎಸ್‌ಇ 2009ರಲ್ಲಿ ತಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕೈಬಿಟ್ಟು 2018ರಿಂದ ಹತ್ತನೆಯ ಬೋರ್ಡ್ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. 2020ರಿಂದ ಗಣಿತದಲ್ಲಿ ಒಂದೇ ಪಠ್ಯಕ್ಕೆ ‘ಸ್ಟ್ಯಾಂಡರ್ಡ್’, ‘ಬೇಸಿಕ್’ ಎಂಬ ಎರಡು ಮಟ್ಟದ ಪ್ರಶ್ನೆಪತ್ರಿಕೆ ಕೊಟ್ಟದ್ದು, ವಿಕಲಚೇತನ ವಿದ್ಯಾರ್ಥಿಗಳಿಗೆ ಲಿಪಿಕಾರರನ್ನೂ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆಯ ಹೆಚ್ಚುವರಿ ಸಮಯವನ್ನೂ ಕೊಡುವುದು ಒಳ್ಳೆಯ ಸಡಿಲಿಕೆಗಳು. ಕರ್ನಾಟಕದಲ್ಲಿ 2024ರಿಂದ ಎಸ್‌ಎಸ್‌ಎಲ್‌ಸಿಗೆ ಮೂರು ಅವಕಾಶಗಳಿವೆ. ಅದೇ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ, ಕೃಪಾಂಕವನ್ನು ದುಪ್ಪಟ್ಟು ಮಾಡಿದ ಮೇಲೂ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು. ಹಿಂದುಳಿದವರ ಸಂಖ್ಯೆ ಅಷ್ಟು ವರ್ಷ ಎಲ್ಲಿ ಅಡಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಂದಿರಾಪುರಂನಲ್ಲಿ ಹನ್ನೊಂದಕ್ಕೆ ಬರುವಷ್ಟರಲ್ಲಿ ಶಾಲೆಯ ಮೇಲೆ ಕೋಚಿಂಗ್ ಮೇಲುಗೈ ಪಡೆಯುತ್ತದೆ. ಹೆಸರಿಗಷ್ಟೇ ಶಾಲೆಯಲ್ಲಿದ್ದು ದಿನವೆಲ್ಲ ಕೋಚಿಂಗಿನಲ್ಲಿ ಕಳೆಯುವ ‘ಡಮ್ಮಿ’ ದಾಖಲಾತಿಗಾಗಿ 2024ರ ನವೆಂಬರಿನಲ್ಲಿ ಸಿಬಿಎಸ್‌ಇ ದೆಹಲಿ ಮತ್ತು ರಾಜಸ್ಥಾನದ 21 ಶಾಲೆಗಳ ಮಾನ್ಯತೆ ರದ್ದು ಮಾಡಿತು. ಕೋಚಿಂಗಿಗೆ ಹೋದವರಿಗೂ ಹೋಗಲಾರದವರಿಗೂ ಒಂದೇ ಪಾಠ ಮಾಡಬೇಕಾದ ಶಿಕ್ಷಕರ ಪಾಡು ಮಿಶ್ರ ತರಗತಿಯ ಹೊಸ ಅಧ್ಯಾಯ.

ಕಿರಿದಾದ ಬಾಗಿಲಿಗೆ ಹೊಂದದ ಮಕ್ಕಳಿಗೆ ಇನ್ನೊಂದು ಬಾಗಿಲು ಇದೇ ಊರಿನ ಪಕ್ಕದಲ್ಲಿದೆ. ಹೆದ್ದಾರಿ ದಾಟಿದರೆ ಸಿಗುವ ನೊಯಿಡಾದ 62ನೆಯ ಸೆಕ್ಟರಿನಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಎನ್‌ಐಒಎಸ್‌ನ ಕೇಂದ್ರ ಕಚೇರಿ ಇದೆ. 1979ರಲ್ಲಿ ಸಿಬಿಎಸ್‌ಇಯ ಯೋಜನೆಯಾಗಿ ಶುರುವಾಗಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾಗಿ, 2002ರಲ್ಲಿ ಈಗಿನ ಹೆಸರು ಪಡೆದ ಇದು ಐದು ವರ್ಷಗಳಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯಲು ಬಿಡುತ್ತದೆ. ಪಾಸಾದ ವಿಷಯದ ಅಂಕ ಹಾಗೆಯೇ ಉಳಿಯುತ್ತದೆ. ಇಲ್ಲಿ ಕನ್ನಡವನ್ನೂ ಭಾಷೆಯಾಗಿ ಆರಿಸಬಹುದು. 2021ರಿಂದ ಭಾರತೀಯ ಸನ್ನೆ ಭಾಷೆಯೂ ಒಂದು ಭಾಷಾ ವಿಷಯ. ಡಿಸ್ಲೆಕ್ಸಿಯಾ ಇರುವವರು, ಆಟಿಸಂ ಇರುವವರು, ಕಾಯಿಲೆಯಿಂದ ವರ್ಷ ಕಳೆದುಕೊಂಡವರು, ದುಡಿಮೆಗೆ ಇಳಿದವರು, ಕ್ರೀಡಾಪಟುಗಳು ಇದನ್ನು ಆರಿಸಿಕೊಳ್ಳುತ್ತಾರೆ. ಕೆಲವು ಶಾಲೆಗಳು ಒಂಬತ್ತನೆಯ ತರಗತಿಯಲ್ಲಿ ಫಲಿತಾಂಶ ಕೆಡಿಸುವರೆಂದು ಕಾಣುವ ಮಕ್ಕಳ ಪೋಷಕರನ್ನು ಕರೆದು ಈ ದಾರಿ ತೋರಿಸುವುದೂ ಉಂಟು. ಮಗುವಿನ ಆಯ್ಕೆಯಾಗಬೇಕಾದದ್ದು ಹೀಗೆ ಗಡೀಪಾರಾಗುತ್ತದೆ. ಮುಕ್ತ ಶಾಲೆ ಪರೀಕ್ಷೆಯ ಹೊರೆ ಇಳಿಸುತ್ತದೆ, ಆದರೆ ದಿನನಿತ್ಯದ ಸಹಪಾಠಿಗಳನ್ನು ಕೊಡುವುದಿಲ್ಲ. ಈ ಸಂಸ್ಥೆಯ ಅಧ್ಯಯನ ಕೇಂದ್ರಗಳಲ್ಲಿ ಹಲವು ಮಾನ್ಯತೆ ಪಡೆದ ಶಾಲೆಗಳೊಳಗೇ ಇವೆ. ಅಂಥ ಶಾಲೆಗಳು ಎನ್‌ಐಒಎಸ್ ವಿದ್ಯಾರ್ಥಿಗಳನ್ನು ಭಾನುವಾರದ ಸಂಪರ್ಕ ತರಗತಿಗಷ್ಟೇ ಕರೆಯದೆ, ವಾರದ ದಿನಗಳ ಆಟ, ಚಿತ್ರಕಲೆ, ಸಂಗೀತ, ಪ್ರಯೋಗಾಲಯದ ಪಿರಿಯಡ್ಡುಗಳಿಗೆ ತಮ್ಮ ಮಕ್ಕಳ ಜೊತೆಗೇ ಸೇರಿಸಿಕೊಂಡರೆ ಪರೀಕ್ಷೆ ಬೇರೆಯಾದವರ ತರಗತಿಯೂ ಬೇರೆಯಾಗಬೇಕಿಲ್ಲ.